ಗಾಡಿಗೆ ಹಾಕಿದ ಅರಿಷಿಣ

ಗಾಡಿ ಓಡುವಷ್ಟು ದಿನ ಅತ್ತೆ ನನ್ನ ಹತ್ತಿರ ಇರಲಿ, ಗಾಡಿ ನಿಂತರೆ ತಾನು ಬಂದು ಅಥಣಿಗೆ ಕರೆದುಕೊಂಡು ಹೋಗುತ್ತೇನೆ ಎಂದು ನಾದಿನಿ ಹೇಳಿದ್ದಳು. ಸಿಟ್ಟಿನಿಂದ ಹೇಳಿದ್ದಲ್ಲ. ಅವಳ ಮನೆಯ ಎದುರಿಗೇ ಕೈಕಾಲಿಗೆ ವ್ಯಾಯಾಮ ಮಾಡಿಸುವ ಡಾಕ್ಟರರ ದವಾಖಾನೆ ಇದೆ. ನಮ್ಮದು ಭೋಜದ ಹತ್ತಿರದ ಹಳ್ಳಿ. ವ್ಯಾಯಾಮಕ್ಕೆ ವಾರದಲ್ಲಿ ಎರಡು ಸಲ ನಿಪ್ಪಾಣಿಗೆ ಹೋಗಬೇಕು. ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲದ ಹೆಣ್ಣುಮಗಳನ್ನು ಬಸ್ಸಿನ ಮೆಟ್ಟಿಲು ಹತ್ತಿಸುವುದು ನನ್ನೊಬ್ಬಳಿಂದ ಆಗುವ ಕೆಲಸವಲ್ಲ. ಹಾಗಾಗಿ ಎಲ್ಲವೂ ಆ ಗಾಡಿಯ ಮೇಲೆ ನಿಂತಿತ್ತು.

ಗಾಡಿ ನಮ್ಮ ಮನೆಯವರದು. ಯಾರೋ ಬಳಸಿ ಬಿಟ್ಟಿದ್ದ ಸಣ್ಣ ಬಿಳಿ ಕಾರು. ನಮ್ಮವರು ಊರಿನ ಸೊಸೈಟಿಯಲ್ಲಿ ಸೆಕ್ರೆಟರಿ ಆಗಿದ್ದರು. ತೀರಿಕೊಂಡದ್ದು ಶ್ರಾವಣದಲ್ಲಿ. ಮಧ್ಯಾಹ್ನ ಊಟಕ್ಕೆ ಬಂದು, ಎದೆ ಯಾಕೋ ಹಿಡಿದಂತಾಗಿದೆ ಎಂದು ಗೋಡೆಗೆ ಒರಗಿ ಕುಳಿತರು. ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿನದನ್ನು ತಿರುವಿ ಹಾಕಿ ಬರುತ್ತೇನೆ ಎಂದೆ. ತಿರುವಿ ಹಾಕಿ ಬಂದೆ. ಅಷ್ಟರಲ್ಲಿ ಮುಗಿದಿತ್ತು. ಆ ರೊಟ್ಟಿ ಹಂಚಿನ ಮೇಲೇ ಕರಿಯಾಯಿತು ಎಂಬುದನ್ನು ಸಂಜೆ ಯಾರೋ ಹೇಳಿದಾಗ ತಿಳಿಯಿತು.

ದಿನಕರ್ಮಗಳು ಮುಗಿದು, ಬೀಗರು ಬಿಜ್ಜರೆಲ್ಲ ಹೋದ ಮೇಲೆ ಒಂದು ಬೆಳಿಗ್ಗೆ ಅತ್ತೆ ಚಹಾದ ಕಪ್ಪು ಹಿಡಿಯಲಾರದೆ ಬಿಟ್ಟರು. ಬಾಯಿ ಒಂದು ಕಡೆಗೆ ಎಳೆದಿತ್ತು. ಲಕ್ವಾ ಹೊಡೆದಿದೆ ಎಂದು ನೆರೆಮನೆಯ ಕಾಕಾನೇ ಮೊದಲು ಗುರುತಿಸಿದ. ದವಾಖಾನೆಯಿಂದ ವಾಪಸು ತಂದಾಗ ಮಾತು ಮರಳಿ ಬಂದಿತ್ತು, ಸ್ವಲ್ಪ ತೊದಲು. ಕೈಕಾಲು ಮಾತ್ರ ಬರಲಿಲ್ಲ. ನಮಗೆ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ನಾನು, ಅತ್ತೆ, ಒಂದು ಎಮ್ಮೆ ಉಳಿದೆವು.

ಅತ್ತೆ ಅಥಣಿಗೆ ಹೋದರೆ ನನಗೆ ಕೆಲಸ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಅದು ನಿಜವೇ. ಬೆಳಿಗ್ಗೆ ಅವರನ್ನು ಎಬ್ಬಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಸೀರೆ ಉಡಿಸುವುದು, ಉಣಿಸುವುದು, ಮತ್ತೆ ಮಲಗಿಸುವುದು. ನಡುವೆ ಎಮ್ಮೆ, ಹಾಲು, ಹೊಲ. ಸಂಜೆಯ ಹೊತ್ತಿಗೆ ನನ್ನ ಸೊಂಟ ನನ್ನದಲ್ಲ ಎನಿಸುತ್ತಿತ್ತು. ಆದರೂ ಅವರು ಹೋಗುವುದು ನನಗೆ ಬೇಡವಾಗಿತ್ತು. ಅವರು ಹೋದರೆ ಆ ಮನೆಯಲ್ಲಿ ಸತ್ತವರ ಹೆಸರು ಹೇಳುವ ಇನ್ನೊಂದು ಬಾಯಿ ಇರುವುದಿಲ್ಲ. ನಮ್ಮವರು ಚಿಕ್ಕವರಿದ್ದಾಗಿನದು ಅತ್ತೆಗೆ ಗೊತ್ತಿತ್ತು, ದೊಡ್ಡವರಾದ ಮೇಲಿನದು ನನಗೆ. ಇಬ್ಬರೂ ಕುಳಿತು ಮಾತಾಡಿದರೆ ಒಬ್ಬ ಪೂರ್ತಿ ಮನುಷ್ಯ ಆಗುತ್ತಿದ್ದರು.

ಕಾರು ಓಡಿಸಲು ನನಗೆ ಕಲಿಸಿದವರೂ ಅವರೇ. ಕಬ್ಬು ಕಡಿದಾದ ಮೇಲೆ ಹೊಲದ ದಾರಿಯಲ್ಲಿ, ಪಕ್ಕದ ಸೀಟಿನಲ್ಲಿ ಕುಳಿತು ಹುರಿದ ಶೇಂಗಾ ತಿನ್ನುತ್ತ ಕಲಿಸಿದ್ದರು. ಬೈಯುತ್ತಿರಲಿಲ್ಲ. ಬದುವಿಗೆ ಹತ್ತಿಸಿದಾಗ ಮಾತ್ರ, "ಇಳೀಲೇನು, ನೀ ಒಬ್ಬಾಕೀನ ಹೋಗ್ತಿ?" ಎನ್ನುತ್ತಿದ್ದರು. ಲೈಸೆನ್ಸ್ ಕೂಡ ಮಾಡಿಸಿಕೊಟ್ಟಿದ್ದರು. ಊರಲ್ಲಿ ಒಂದಷ್ಟು ದಿನ ಮಾತಾಡಿಕೊಂಡರು, ಆಮೇಲೆ ಬಿಟ್ಟರು. ಅವರು ಹೋದ ಮೇಲೆ ನಾನು ಗಾಡಿ ತೆಗೆದಾಗ ಮತ್ತೆ ಮಾತಾಡಿಕೊಂಡರು. ಅತ್ತೆಯನ್ನು ಮುಂದಿನ ಸೀಟಿಗೆ ಕೂರಿಸುವುದನ್ನು ಕಂಡ ಮೇಲೆ ಅದೂ ನಿಂತಿತು.

ಕೂರಿಸುವುದೇ ದೊಡ್ಡ ಕೆಲಸ. ಮೊದಲು ಬೆನ್ನು ತಿರುಗಿಸಿ ಸೀಟಿಗೆ ಒರಗಿಸಬೇಕು, ತಲೆ ಬಾಗಿಸಬೇಕು, ಆಮೇಲೆ ಎರಡೂ ಕಾಲು ಎತ್ತಿ ಒಳಗಿಡಬೇಕು. ನಾನು ಏದುಸಿರು ಬಿಡುತ್ತಿದ್ದರೆ ಅತ್ತೆ ಒಳಗಿನಿಂದ, "ಕಬ್ಬಿನ ಟ್ರ್ಯಾಲಿ ತುಂಬಿದಂಗ ತುಂಬಾಕತ್ತೀಯಲ್ಲ ಬೇ. ಹಗ್ಗಾ ಬಿಗಿ ಒಂದೀಟು, ದಾರ್‍ಯಾಗ ಉದರೇನು" ಎನ್ನುತ್ತಿದ್ದರು. ನಾನು ನಗುತ್ತಿರಲಿಲ್ಲ. ಅವರೂ ನಗಲೆಂದು ಹೇಳುತ್ತಿರಲಿಲ್ಲ. ಆ ಮಾತಿಲ್ಲದಿದ್ದರೆ ಇಬ್ಬರಿಗೂ ಅಷ್ಟು ದೂರ ಹೋಗುವುದು ಕಷ್ಟವಿತ್ತು.

ಸಂಕ್ರಾಂತಿಯ ಮುಂದೆ ಒಂದು ದಿನ ಗಾಡಿಯ ಕೆಳಗೆ ನೆಲ ಒದ್ದೆಯಾಗಿದ್ದು ಕಂಡೆ. ಬಗ್ಗಿ ನೋಡಿದರೆ ಮುಂದಿನ ಜಾಳಿಯ ಬುಡದಿಂದ ಹನಿ ಹನಿಯಾಗಿ ನೀರು ಸೋರುತ್ತಿತ್ತು. ಇಂಜಿನ್ ಕಾಯದಂತೆ ನೀರು ಇರುವ ಜಾಗ ಅದು, ರೇಡಿಯೇಟರ್. ಅಷ್ಟು ನನಗೆ ಗೊತ್ತಿತ್ತು. ಮರುದಿನ ನಿಪ್ಪಾಣಿಗೆ ಹೋಗುವಾಗ ಕಾವಿನ ಮುಳ್ಳು ಎಂದಿಗಿಂತ ಮೇಲೆ ಏರಿತ್ತು. ನಾನು ಬಾಟಲಿಯಲ್ಲಿ ನೀರು ಒಯ್ದು ತುಂಬುತ್ತ ಹೋಗಿಬಂದೆ.

ಕಾಕಾ ತನ್ನ ಅಂಗಳದಿಂದಲೇ ನೋಡಿ, "ಮಿಸ್ತ್ರಿಗೆ ತೋರಸ ತಂಗಿ. ಸೋರೂ ಗಾಡಿ ನಂಬಬಾರದು" ಎಂದ.

"ತೋರಸ್ತೀನಿ ಕಾಕಾ" ಎಂದೆ.

ತೋರಿಸಲಿಲ್ಲ. ಮಿಸ್ತ್ರಿಯ ಕೈಗೆ ಗಾಡಿ ಕೊಟ್ಟರೆ ಇವತ್ತು ನಾಳೆ ಎಂದು ವಾರ ಇಟ್ಟುಕೊಳ್ಳುತ್ತಾನೆ. ಅತ್ತೆಯ ವ್ಯಾಯಾಮ ತಪ್ಪುತ್ತದೆ. ನಾದಿನಿ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. "ಅವ್ವ ಹೋಗಿಬಂದಳೇನ್ರಿ ವೈನಿ? ಗಾಡಿ ಛಲೋ ಐತಿಲ್ಲ?" ಅವಳಿಗೆ ಸುಳ್ಳು ಹೇಳಬೇಕಾಗುತ್ತದೆ, ಇಲ್ಲವೇ ನಿಜ ಹೇಳಿ ಅತ್ತೆಯನ್ನು ಕಳಿಸಬೇಕಾಗುತ್ತದೆ. ಎರಡಕ್ಕೂ ನನ್ನಲ್ಲಿ ಶಕ್ತಿ ಇರಲಿಲ್ಲ.

ಆಗ ನನಗೆ ಕೊಗನೊಳ್ಳಿ ನೆನಪಾಯಿತು. ಕೆಲ ವರ್ಷಗಳ ಹಿಂದೆ ಕೊಲ್ಲಾಪುರದಿಂದ ಬರುವಾಗ ಇದೇ ಗಾಡಿ ಹೈವೇಯಲ್ಲಿ ಹೊಗೆ ಬಿಟ್ಟಿತ್ತು. ಕೊಗನೊಳ್ಳಿಯ ಹತ್ತಿರ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿ, ಆರಲು ಬಿಟ್ಟು, ನಮ್ಮವರು ಒಳಗೆ ಹೋಗಿ ಒಂದು ಚಮಚ ಅರಿಷಿಣ ಕೇಳಿದರು. "ಚಹಾಕ್ಕ ಅರಿಷಿಣ ಹಾಕ್ತೀರೇನ್ರಿ ನಿಮ್ಮ ಕಡೆ?" ಎಂದು ಅಂಗಡಿಯವನು ನಕ್ಕ. ಇವರು ರೇಡಿಯೇಟರಿನ ಮುಚ್ಚಳ ತೆಗೆದು ಅರಿಷಿಣ ಸುರಿದು, ನೀರು ತುಂಬಿ, ಗಾಡಿ ಚಾಲೂ ಮಾಡಿದರು. ತೂತು ಸಣ್ಣದಿದ್ದರೆ ಅರಿಷಿಣ ಹೋಗಿ ಅಲ್ಲಿ ಕೂತು ಮುಚ್ಚಿಕೊಳ್ಳುತ್ತದೆ ಎಂದರು. ಕೈ ಒರೆಸಲು ಬಟ್ಟೆ ಸಿಗದೆ ನನ್ನ ಸೆರಗಿಗೇ ಒರೆಸಿದರು. ನಾನು ಸಿಟ್ಟು ಮಾಡಿದೆ. ಗಾಡಿ ಮನೆ ಮುಟ್ಟಿತು. ನನಗೆ ಗೊತ್ತಿದ್ದದ್ದು ಇಷ್ಟು.

ಅರಿಷಿಣ ಮನೆಯಲ್ಲಿ ಬೇಕಾದಷ್ಟಿತ್ತು. ಕಬ್ಬಿನ ಅಂಚಿಗೆ ನಾವು ಎರಡು ಸಾಲು ಅರಿಷಿಣ ಹಾಕುತ್ತಿದ್ದೆವು. ಕಿತ್ತು, ಕುದಿಸಿ, ಒಣಗಿಸಿ, ಗಿರಣಿಗೆ ಕೊಟ್ಟು ಬೀಸಿಸಿ ಎರಡು ಡಬ್ಬಿ ತುಂಬಿಡುತ್ತಿದ್ದೆ. ಒಂದು ಅಡುಗೆಗೆ. ಇನ್ನೊಂದು ಸಂಕ್ರಾಂತಿಗೆ ಓಣಿಯ ಹೆಣ್ಣುಮಕ್ಕಳನ್ನು ಕರೆದು ಅರಿಷಿಣ ಕುಂಕುಮ ಕೊಡಲಿಕ್ಕೆ. ನಮ್ಮ ಕಡೆ ಅದು ದೊಡ್ಡ ಸಂಭ್ರಮ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಒಬ್ಬರಲ್ಲ ಒಬ್ಬರ ಮನೆಯಲ್ಲಿ ನಡೆದೇ ಇರುತ್ತದೆ. ಆ ವರ್ಷ ನನ್ನ ಕೈಯಿಂದ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ನನ್ನನ್ನು ಕರೆಯುವವರೂ ಇರಲಿಲ್ಲ. ಯಾರೂ ಕೆಟ್ಟ ಮಾತಾಡಲಿಲ್ಲ. ನಮ್ಮ ಬಾಗಿಲ ಮುಂದೆ ಹೋಗುವಾಗ ಹೊಸ ಸೀರೆ ಉಟ್ಟ ಹೆಣ್ಣುಮಕ್ಕಳು ಧ್ವನಿ ತಗ್ಗಿಸುತ್ತಿದ್ದರು. ಅಷ್ಟೇ. ಅತ್ತೆ ಮೂವತ್ತು ವರ್ಷಗಳಿಂದ ಹಾಗೆಯೇ ಒಳಗೆ ಕುಳಿತವರು. ನನ್ನ ಜೊತೆ ಕುಳಿತರು. ತುಂಬಿದ ಡಬ್ಬಿ ಹಾಗೇ ಉಳಿಯಿತು. ನಾನು ಅದನ್ನೇ ತೆಗೆದೆ.

ಮೊದಲ ಸಲ ಒಂದೇ ಚಮಚ ಹಾಕಿದೆ. ಹಾಕುವ ಮುಂಚೆ ಅದನ್ನು ಎರಡು ಸಲ ಡಬ್ಬಿಗೆ ತಿರುಗಿ ಸುರಿದಿದ್ದೆ. ಅರಿಷಿಣ ಮುಟ್ಟಿದ್ದಕ್ಕಲ್ಲ, ಅಡುಗೆಗೆ ದಿನಾ ಮುಟ್ಟುತ್ತಿದ್ದೆ. ಅವರು ಮಾಡುವ ಕೆಲಸವನ್ನು ನಾನು ಮಾಡುತ್ತಿದ್ದೆ, ಅದಕ್ಕೆ. ಗಾಡಿ ಚಾಲೂ ಮಾಡಿ ಅಂಗಳದಲ್ಲಿ ನಿಂತು ಕೆಳಗೆ ನೋಡಿದೆ. ಹನಿ ನಿಧಾನವಾಯಿತು. ಸಂಜೆಯ ಹೊತ್ತಿಗೆ ನಿಂತಿತು.

ಅಂದು ನನಗೆ ನಿಜವಾಗಿ ಹಸಿವಾಯಿತು. ಎರಡು ರೊಟ್ಟಿ ತಿಂದೆ. ಅತ್ತೆ ನೋಡುತ್ತಿದ್ದವರು, "ಗಾಡಿಗೆ ಏನ ಮಾಡಿದಿ?" ಎಂದು ಕೇಳಿದರು.

"ಅರಿಷಿಣಾ ಹಾಕೀನ್ರಿ ಅತ್ತಿ. ಸೋರೂದು ನಿಂತೈತಿ."

"ಬರೇ ಅರಿಷಿಣಾ ಹಾಕಿದ್ರ ಆತೇನ? ಸಾಸವಿ ಜೀರಗಿ ಒಗ್ಗರಣಿ ಕೊಡಬೇಕಿತ್ತು."

ಅಂದು ಇಬ್ಬರೂ ನಕ್ಕೆವು. ಶ್ರಾವಣದ ನಂತರ ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು. ನಗು ಮುಗಿದ ಮೇಲೆ ಏನೋ ತಪ್ಪು ಮಾಡಿದಂತೆ ನಾನು ತಾಟು ಎತ್ತಿಕೊಂಡು ಒಳಗೆ ಹೋದೆ.

ಕೆಲವು ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ಮತ್ತೆ ನೆಲ ಒದ್ದೆಯಾಯಿತು. ಮತ್ತೊಂದು ಚಮಚ ಹಾಕಿದೆ. ನಿಂತಿತು. ಮತ್ತೆ ಸೋರಿತು. ಎರಡು ಚಮಚ ಹಾಕಿದೆ. ಹೀಗೆ ಹಾಕುತ್ತ ಹೋದೆ. ಅಂಗಡಿಯ ಅರಿಷಿಣ ಹಿಟ್ಟಿನಂತೆ ನುಣ್ಣಗಿರುತ್ತದೆ. ನಮ್ಮದು ಗಿರಣಿಯಲ್ಲಿ ಬೀಸಿಸಿದ್ದು, ಬೆರಳಿಗೆ ತರಿ ತರಿ ಸಿಗುತ್ತಿತ್ತು. ಅದು ಒಳಗೆ ಹೋಗಿ ಎಲ್ಲಿ ಕೂಡುತ್ತದೆ ಎಂದು ನಾನು ಯೋಚಿಸಲಿಲ್ಲ. ತೂತಿದ್ದಲ್ಲಿ ಮಾತ್ರ ಕೂಡುತ್ತದೆ ಎಂದುಕೊಂಡಿದ್ದೆ. ದಣಿದ ಮನುಷ್ಯರು ಒಂದು ಸಲ ಕೆಲಸ ಮಾಡಿದ ಉಪಾಯವನ್ನು ಬಿಡುವುದಿಲ್ಲ.

ಕೊನೆಯ ಸಲ ಒಂದು ಬಟ್ಟಲು ಪೂರ್ತಿ ಸುರಿದೆ. ಮರುದಿನ ಡಾಕ್ಟರರ ಕಡೆ ಹೋಗುವುದಿತ್ತು. ದಾರಿಯಲ್ಲಿ ನಿಲ್ಲಬಾರದು ಎಂದು ಧೈರ್ಯಕ್ಕೆ ಹಾಕಿದೆ. ಗಾಡಿ ಚಾಲೂ ಆಗಿ ಕಾವೇರಿದಾಗ ಅಂಗಳದ ತುಂಬ ಬಿಸಿ ಅರಿಷಿಣದ ವಾಸನೆ ಹರಡಿತು, ಮದುವೆ ಮನೆಯಲ್ಲಿ ಬರುತ್ತದಲ್ಲ, ಹಾಗೆ. ಕಾಕಾ ಆಚೆಯಿಂದ ಮೂಗು ಎಳೆದುಕೊಂಡು, "ಏನ ಕುದಸಾಕತ್ತೀ ತಂಗಿ?" ಎಂದು ಕೂಗಿದ. ಏನೂ ಇಲ್ಲ ಎಂದೆ.

ಮರುದಿನ ಬಿಸಿಲು ಚುರುಕಾಗಿತ್ತು. ಕಬ್ಬಿನ ಹಂಗಾಮು ಇನ್ನೂ ಮುಗಿದಿರಲಿಲ್ಲ. ನಮ್ಮ ಮುಂದೆ ಎರಡು ಟ್ರ್ಯಾಲಿ ಕಬ್ಬು ಎಳೆಯುವ ಒಂದು ಟ್ರ್ಯಾಕ್ಟರ್ ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು ತೆವಳುತ್ತಿತ್ತು. ದಾಟಿ ಹೋಗಲು ಜಾಗವಿರಲಿಲ್ಲ. ನಾನು ಅದರ ಬೆನ್ನಿಗೇ ಸಣ್ಣ ಗೇರಿನಲ್ಲಿ ಹೋಗುತ್ತಿದ್ದೆ. ಕಾವಿನ ಮುಳ್ಳು ಏರತೊಡಗಿತು. ನೀರು ತುಂಬಿದ್ದೆ, ಸೋರುತ್ತಲೂ ಇರಲಿಲ್ಲ, ಆದರೂ ಏರುತ್ತಿತ್ತು. ಅದು ನನಗೆ ಅರ್ಥವಾಗಲಿಲ್ಲ. ಇನ್ನು ಸ್ವಲ್ಪ ದೂರ, ಇನ್ನು ಸ್ವಲ್ಪ ದೂರ ಎಂದುಕೊಂಡು ಹೊರಟೆ. ಅಲ್ಲೇ ನಿಲ್ಲಿಸಿದ್ದರೆ ಇಂಜಿನ್ ಉಳಿಯುತ್ತಿತ್ತಂತೆ.

ಅತ್ತೆಯೇ ಮೊದಲು ಹೇಳಿದರು. "ಅನ್ನಾ ಸೀದ ವಾಸನಿ ಬರಾಕತ್ತೈತಿ."

ಬಾನೆಟ್ಟಿನ ಅಂಚಿನಿಂದ ಹೊಗೆ ಬಂತು. ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಗಾಡಿ ಎಳೆದೆ. ಇಂಜಿನ್ ತಾನಾಗಿಯೇ ಒಂದು ಸಲ ಒದರಿಕೊಂಡು ಸುಮ್ಮನಾಯಿತು. ಬಾನೆಟ್ ಎತ್ತಿದೆ. ಆರುವವರೆಗೆ ಕಾಯಬೇಕು ಎಂಬುದು ಗೊತ್ತಿತ್ತು. ಕೊಗನೊಳ್ಳಿಯಲ್ಲಿ ಅವರು ಕಾದದ್ದನ್ನು ನೋಡಿದ್ದೆ. ಆದರೆ ಡಾಕ್ಟರರು ಹೇಳಿದ ಹೊತ್ತು ಮೀರುತ್ತಿತ್ತು. ಒದ್ದೆ ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದೆ.

ಮುಚ್ಚಳ ಹಾರಿತು. ಹಿಂದೆಯೇ ಹಳದಿ ನೀರು ಚಿಮ್ಮಿತು. ಮುಖ ಹೊರಳಿಸಿದ್ದರಿಂದ ಕಣ್ಣು ಉಳಿಯಿತು. ಬಲಗೈ ಮೊಣಕೈವರೆಗೆ ಸುಟ್ಟಿತು. ಸೀರೆ, ಕುತ್ತಿಗೆ, ಒಂದು ಕೆನ್ನೆ, ಎಲ್ಲ ಹಳದಿಯಾಯಿತು. ರಸ್ತೆಯ ಮಣ್ಣಿನ ಮೇಲೆ ಕುಳಿತುಬಿಟ್ಟೆ.

ತಂಬಾಕಿನ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಟೆಂಪೊ ಒಂದು ಬಂದು ನಿಂತಿತು. ಅದರಲ್ಲಿದ್ದ ವಯಸ್ಸಾದವಳೊಬ್ಬಳು ಇಳಿದು ಮರಾಠಿಯಲ್ಲಿ, "ಕಾಯ್ ಝಾಲಂ ಬಾಯಿ?" ಎಂದು ಏನಾಯಿತೆಂದು ಕೇಳಿದಳು. ನಾನು ಕೈ ಚಾಚಿ ತೋರಿಸಿದೆ. ಅವಳು ತನ್ನ ಬಾಟಲಿಯ ನೀರನ್ನು ಪೂರ್ತಿ ನನ್ನ ಕೈಮೇಲೆ ಸುರಿದಳು. ಟೆಂಪೊದಲ್ಲಿ ಕುಳಿತವರು ನನ್ನ ಕೆನ್ನೆಯ ಹಳದಿ ನೋಡಿದರು, ಬರಿಯ ಹಣೆ ನೋಡಿದರು, ಬಳೆಯಿಲ್ಲದ ಕೈ ನೋಡಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ನಾನು ಸೆರಗಿನಿಂದ ಕೆನ್ನೆ ಒರೆಸಿದೆ. ಸೆರಗೂ ಹಳದಿಯಾಗಿತ್ತು, ಇನ್ನಷ್ಟು ಹತ್ತಿತು.

ಆಗ ಗಾಡಿಯೊಳಗಿನಿಂದ ಅತ್ತೆ ಮಾತಾಡಿದರು. ತೊದಲುತ್ತಿದ್ದರೂ ದನಿ ಜೋರಾಗಿತ್ತು.

"ಏನ ನೋಡ್ತೀರಿ? ಸುಟ್ಟೈತಿ ಆಕಿ ಕೈ. ಸುಟ್ಟದ್ದಕ್ಕ ಅರಿಷಿಣಾ ಹಚ್ಚೂದಿಲ್ಲೇನ ನಿಮ್ಮ ಮನ್ಯಾಗ?"

ಟೆಂಪೊದವರು ಕಣ್ಣು ಬೇರೆ ಕಡೆ ಹೊರಳಿಸಿದರು. ನೀರು ಹಾಕಿದವಳು ತನ್ನ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತೊಯ್ಸಿ ನನ್ನ ಕೈಗೆ ಸುತ್ತಿ, ಟೆಂಪೊ ಹತ್ತಿ ಹೋದಳು.

ಅವರು ಹೋದ ಮೇಲೆ ನಾನು ಕಾಕಾನಿಗೆ ಫೋನ್ ಮಾಡಿದೆ. ಅವನು ಟ್ರ್ಯಾಕ್ಟರ್ ತರುವವರೆಗೆ ಅತ್ತೆಯ ಪಕ್ಕ ಬಂದು ಕುಳಿತೆ. ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸ್ವಾಧೀನದಲ್ಲಿದ್ದ ಬಲಗೈಯಿಂದ ನನ್ನ ಕೆನ್ನೆ ಮುಟ್ಟಿ, ಬೆರಳಿಗೆ ಹತ್ತಿದ್ದನ್ನು ನೋಡಿಕೊಂಡು, "ನನ್ನ ಮಗನ ಗಾಡಿ ನಿನಗ ಅರಿಷಿಣಾ ಹಚ್ಚೈತಿ ನೋಡ" ಎಂದರು. ಹಾಸ್ಯಕ್ಕೆ ಹೇಳಿದರೋ ಏನೋ. ಹೇಳುವಾಗ ಬಾಯಿ ಎಂದಿಗಿಂತ ಹೆಚ್ಚು ಎಳೆಯಿತು. ನಾನು ಅವರ ತೊಡೆಯ ಮೇಲೆ ತಲೆಯಿಟ್ಟೆ. ನಮ್ಮವರು ತೀರಿಕೊಂಡ ದಿನ ಕೂಡ ನಾನು ಅಷ್ಟು ಅತ್ತಿರಲಿಲ್ಲ. ಅಂದು ಸುತ್ತ ಜನ ಇದ್ದರು.

ಕಾಕಾ ಹಗ್ಗ ಕಟ್ಟಿ ಗಾಡಿಯನ್ನು ನಿಪ್ಪಾಣಿಯ ಗ್ಯಾರೇಜಿಗೆ ಎಳೆದ. ಅತ್ತೆ ಇಳಿಯಲು ಒಪ್ಪದೆ ಒಳಗೇ ಕುಳಿತು ಬಂದರು. ತೋರಿಸೆಂದು ಹೇಳಿದ್ದೆನಲ್ಲ ಎಂಬ ಮಾತನ್ನು ಕಾಕಾ ಆಡಲಿಲ್ಲ. ಅದು ಅವನ ದೊಡ್ಡತನ.

ಮಿಸ್ತ್ರಿ ಬಾನೆಟ್ ಎತ್ತಿ, ಒಳಗೆ ಬೆರಳಾಡಿಸಿ, ಮೂಸಿ ನೋಡಿದ. "ಬ್ಯಾಳಿ ಸಾರ ಮಾಡೀರೇನ್ರಿ ಅಕ್ಕಾರ? ಉಪ್ಪೊಂದ ಕಮ್ಮಿ ಆಗೈತಿ" ಎಂದ. ನಂತರ ನನ್ನ ಕೈಗೆ ಸುತ್ತಿದ ಬಟ್ಟೆ ಕಂಡು ನಗು ಬಿಟ್ಟ. ಎಷ್ಟು ಹಾಕಿದ್ದಿರಿ ಎಂದು ಕೇಳಿದ. ಹೇಳಿದೆ.

"ಅರಿಷಿಣಾ ಹಾಕೂದು ಮನಿ ಮುಟ್ಟಾಕ ಅಷ್ಟರೀ. ಮುಟ್ಟಿದ ಮ್ಯಾಲ ತೊಳಸಬೇಕು. ಸಾಹೇಬ್ರು ಒಂದ ಸಲ ಹಂಗ ಹಾಕ್ಕೊಂಡ ಬಂದಿದ್ರು. ಮರುದಿನಾನ ನನ್ನ ಕಡೆ ಬಂದು ಒಳಗೆಲ್ಲಾ ತೊಳಸಿ, ತೂತ ಬೆಸಗಿ ಹಾಕಿಸಿಕೊಂಡ ಹೋದ್ರು. ನಿಮಗ ಹೇಳಿದ್ದಿಲ್ಲೇನ್ರಿ?"

ಹೇಳಿರಲಿಲ್ಲ. ಹೇಳುವಂಥ ಮಾತೂ ಅಲ್ಲ ಅದು. ಬೆಳಿಗ್ಗೆ ಗಾಡಿ ಒಯ್ದರು, ಸಂಜೆ ತಂದರು. ನಾನು ಊಟಕ್ಕೆ ಏನು ಮಾಡಲಿ ಎಂದು ಕೇಳಿರಬೇಕು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದವರ ಕೆಲಸದಲ್ಲಿ ನಾನು ಅರ್ಧ ಮಾತ್ರ ನೋಡಿದ್ದೆ.

ಅರಿಷಿಣ ಒಳಗಿನ ಸಣ್ಣ ಸಣ್ಣ ನಳಿಗೆಗಳಲ್ಲೆಲ್ಲ ಕೂತು ಗಟ್ಟಿಯಾಗಿ ನೀರು ಆಡದಂತಾಗಿತ್ತು. ಕಾವಿಗೆ ಇಂಜಿನ್ನಿನ ಮೇಲ್ಭಾಗ, ಹೆಡ್ ಅನ್ನುವುದು, ಬಾಗಿತ್ತು. ಎಲ್ಲ ಬಿಚ್ಚಬೇಕು, ಸಾಮಾನು ಕೊಲ್ಲಾಪುರದಿಂದ ಬರಬೇಕು, ಒಂದು ತಿಂಗಳು ಹಿಡಿಯಬಹುದು, ಹೆಚ್ಚೂ ಆಗಬಹುದು ಎಂದ.

ಆ ಸಂಜೆ ನಾದಿನಿಯ ಫೋನ್ ಬಂದಾಗ ನಾನು ಎಮ್ಮೆಯ ಹತ್ತಿರ ಇದ್ದೆ. ಒಂದೇ ಕೈಯಲ್ಲಿ ಹಾಲು ಹಿಂಡುವುದು ಆಗದೆ ಕಾಕಾನ ಹೆಂಡತಿಯನ್ನು ಕರೆದಿದ್ದೆ. ಒಳಗೆ ಬಂದಾಗ ಅತ್ತೆ ಫೋನಿನಲ್ಲಿ ಹೇಳುತ್ತಿದ್ದರು: "ಹೂಂ, ನಾಳೆ ಬಾ. ಕರ್ಕೊಂಡ ಹೋಗು."

ನಾನು ಬಾಗಿಲಲ್ಲೇ ನಿಂತೆ. "ಯಾಕ್ರಿ ಅತ್ತಿ? ನಾ ಏನರ ಮಾಡ್ತಿದ್ನಲ್ಲ" ಎಂದೆ.

"ಏನ ಮಾಡ್ತಿ? ಹೆಗಲ ಮ್ಯಾಲ ಹೊತ್ಕೊಂಡ ಹೋಗ್ತಿ? ಇರೂದ ಎರಡ ಕೈ, ಒಂದ ಸುಟಗೊಂಡ ಬಂದಿ." ಫೋನ್ ಕೆಳಗಿಟ್ಟು, "ಗಾಡಿ ಆಗೂತನಾ ಅಷ್ಟ ಇರ್ತೀನಿ ಅಲ್ಲಿ. ಆದ ಮ್ಯಾಲ ನೀನ ಬಂದ ಕರ್ಕೊಂಡ ಬಾ. ಆಕಿ ಕಡೆ ಬಹಾಳ ದಿನಾ ಇರಾಕ ನನಗೂ ಆಗೂದಿಲ್ಲ. ಆಕಿ ಚಹಾ ಬರೇ ಸಕ್ಕರಿ ನೀರ" ಎಂದರು.

ಮರುದಿನ ನಾದಿನಿ, ಅವಳ ಗಂಡ ಬಂದು ಕರೆದುಕೊಂಡು ಹೋದರು. ನಾದಿನಿ ಮೊದಲು ನನ್ನ ಕೈಯ ಬಟ್ಟೆ ಬಿಚ್ಚಿ ನೋಡಿದಳು. ಕೈಗೆ ಮುಲಾಮು ತಂದಿದ್ದಳು. ಅವಳ ಗಂಡ ಅತ್ತೆಯನ್ನು ಸಲೀಸಾಗಿ ಎತ್ತಿ ಸೀಟಿಗೆ ಕೂರಿಸಿದ್ದನ್ನು ನೋಡುತ್ತ ನಿಂತೆ.

ಆಮೇಲಿನ ದಿನಗಳ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಹಗಲಿಗೆ ಕೆಲಸ ಸಾಲುತ್ತಿರಲಿಲ್ಲ. ಕೈ ಮಾಯ್ದರೂ ಉಗುರಿನ ಸಂದಿಯ ಹಳದಿ ಬೇಗ ಹೋಗಲಿಲ್ಲ. ಡೇರಿಗೆ ಹಾಲು ಹಾಕಲು ಹೋದಾಗ ಪಾತ್ರೆಯನ್ನು ಆ ಕೈಯಿಂದ ಚಾಚದೆ ಎಡಗೈಯಿಂದ ಚಾಚುತ್ತಿದ್ದೆ. ಒಮ್ಮೊಮ್ಮೆ ಒಬ್ಬಳಿಗೇ ಅಡುಗೆ ಬೇಡವೆನಿಸಿ ನಿನ್ನೆಯ ರೊಟ್ಟಿಗೆ ಮೊಸರು ಹಾಕಿಕೊಂಡು ತಿನ್ನುತ್ತಿದ್ದೆ. ಏನೋ ನೆನಪಾಗಿ, ಅತ್ತಿ, ಅವರು ಸಣ್ಣವರಿದ್ದಾಗ, ಎಂದು ಬಾಯಿ ತೆರೆದು ಮುಚ್ಚುತ್ತಿದ್ದೆ. ಫೋನಿನಲ್ಲಿ ಅತ್ತೆ ಪ್ರತಿ ಸಲ ಕೇಳುತ್ತಿದ್ದದ್ದು ಒಂದೇ, ಗಾಡಿ ಆತೇನ. ನಾನು ಮಿಸ್ತ್ರಿಗೆ ಎಡೆಬಿಡದೆ ಫೋನ್ ಮಾಡುತ್ತಿದ್ದೆ. ಅವನಿಗೆ ಸಾಕಾಗಿ, "ಅಕ್ಕಾರ, ನಿಮ್ಮ ಫೋನ ಬಂದ್ರ ನನ್ನ ಎದಿಗೆ ಕಾವ ಏರತೈತ್ರಿ" ಎಂದಿದ್ದ.

ಯುಗಾದಿಯ ನಂತರ ಗಾಡಿ ಆಯಿತು. ಮಿಸ್ತ್ರಿ ಕೀಲಿಕೈ ಕೊಡುತ್ತ, "ಇನ್ನ ಅಡಿಗಿಮನಿಯಾಗಿಂದು ಏನೂ ಹಾಕಬ್ಯಾಡ್ರಿ" ಎಂದ. ಹಾಕುವುದಿಲ್ಲ ಎಂದೆ.

ಒಂದು ದಿನ ತಡೆದು, ನಾದಿನಿಗೂ ಹೇಳದೆ, ಬೆಳಿಗ್ಗೆ ಎಮ್ಮೆಯನ್ನು ಕಾಕಾನ ಮನೆಗೆ ಒಪ್ಪಿಸಿ ಹೊರಟೆ. ಅಷ್ಟು ದೂರ ಒಬ್ಬಳೇ ಎಂದೂ ಓಡಿಸಿರಲಿಲ್ಲ. ಕೃಷ್ಣೆ ದಾಟಿ ಕಾಗವಾಡದ ಮೇಲೆ ಹಾಯ್ದು ಹೋದೆ. ಕಣ್ಣು ರಸ್ತೆಗಿಂತ ಹೆಚ್ಚು ಕಾವಿನ ಮುಳ್ಳಿನ ಮೇಲಿತ್ತು. ಅದು ಅಲುಗಾಡಲಿಲ್ಲ. ಮುಂದಿನ ಸೀಟಿಗೆ ಅತ್ತೆಗೆಂದು ದಿಂಬು ಇಟ್ಟಿದ್ದೆ. ಬರುವಾಗ ಅವರಿಗೆ ಕುಡಿಯಲೆಂದು ಫ್ಲಾಸ್ಕಿನಲ್ಲಿ ನಮ್ಮ ಎಮ್ಮೆಯ ಹಾಲಿನ ಚಹಾ ತುಂಬಿಕೊಂಡಿದ್ದೆ.

ಅಥಣಿಯಲ್ಲಿ ನಾದಿನಿಯ ಓಣಿಯನ್ನು ಗಟಾರ ಕೆಲಸಕ್ಕೆ ಅಗೆದಿದ್ದರು. ಗಾಡಿಯನ್ನು ಹಿಂದಿನ ಓಣಿಯಲ್ಲಿ ಒಂದು ಗೋಡೆಯ ಬದಿಗೆ ನಿಲ್ಲಿಸಿ, ಫ್ಲಾಸ್ಕನ್ನು ಒಳಗೇ ಬಿಟ್ಟು ನಡೆದು ಹೋದೆ. ಮನೆ ಮುಟ್ಟುವ ಮೊದಲೇ ಎದುರಿನ ದವಾಖಾನೆಯ ಕಟ್ಟೆಯ ಮೇಲೆ ಅತ್ತೆ ಕಂಡರು.

ಕಬ್ಬಿಣದ ಸಳಿ ಹಿಡಿದು ನಡೆಯುತ್ತಿದ್ದರು. ಎಡಗಾಲು ಎಳೆಯುತ್ತಿತ್ತು, ಆದರೆ ಹೆಜ್ಜೆ ಬೀಳುತ್ತಿತ್ತು. ತುದಿಗೆ ಹೋಗಿ, ತಿರುಗಿ, ಮತ್ತೆ ಬಂದರು. ತಿರುಗುವಾಗ ಯಾರೂ ಹಿಡಿಯಲಿಲ್ಲ. ನಿಪ್ಪಾಣಿಯಲ್ಲಿ ವಾರಕ್ಕೆರಡು ಸಲದ ವ್ಯಾಯಾಮಕ್ಕೆ ಅವರ ಹೆಬ್ಬೆರಳೂ ಸರಿಯಾಗಿ ಅಲುಗಿರಲಿಲ್ಲ. ನಾನು ರಸ್ತೆಯ ಈಚೆಗೆ ಸಂಚಿಯನ್ನು ಎದೆಗೆ ಹಿಡಿದು ನಿಂತೆ.

ನಾದಿನಿ ನನ್ನನ್ನು ಕಂಡು ಬಾಗಿಲಿಗೆ ಬಂದಳು. "ಅಯ್ಯ ವೈನಿ! ಹೇಳಬಾರದೇನ್ರಿ ಬರ್ತೀನಿ ಅಂತ? ನೋಡ್ರಿ ನಿಮ್ಮ ಅತ್ತಿನ್ನ. ದಿನಾ ಎರಡೂ ಹೊತ್ತು ತಾನ ಬರತಾಳ. ನಾ ಬರೇ ರಸ್ತಾ ದಾಟಸ್ತೀನಿ."

ಅತ್ತೆ ನನ್ನನ್ನು ನೋಡಿದರು. ಸಳಿ ಬಿಡದೆ ನಿಂತು, ಮೊದಲ ಮಾತೇ, "ಗಾಡಿ ಆತೇನ?" ಎಂದರು.

ನಾನು ಇಡೀ ದಾರಿ ಆ ಪ್ರಶ್ನೆಗೆ ಉತ್ತರ ಹಿಡಿದುಕೊಂಡು ಬಂದಿದ್ದೆ.

"ಇಲ್ಲರಿ ಅತ್ತಿ" ಎಂದೆ. "ಇನ್ನೂ ಸಾಮಾನ ಬಂದಿಲ್ಲಂತ. ಬಸ್ಸಿಗೆ ಬಂದೀನ್ರಿ."

ಅವರ ಮುಖ ಸ್ವಲ್ಪ ಇಳಿಯಿತು. "ಆ ಮಿಸ್ತ್ರಿ ಬರೇ ಸುಳ್ಳ ಹೇಳ್ತಾನ. ಅಂವಾ ಇದ್ದಿದ್ರ..." ಎಂದು ಅಲ್ಲಿಗೇ ಬಿಟ್ಟು, "ಬಸ್ಸಿನ್ಯಾಗ ಕುಂಡ್ರಾಕ ಜಾಗಾ ಸಿಕ್ಕಿತ್ತ?" ಎಂದರು.

"ಸಿಕ್ಕಿತ್ತರಿ."

ಮಧ್ಯಾಹ್ನ ಅಲ್ಲಿಯೇ ಉಂಡೆ. ನಾದಿನಿಯ ಮನೆಯ ನಡುಮನೆಯಲ್ಲಿ ನಮ್ಮವರ ಫೋಟೊ ಹಾಕಿ ಹೂವಿನ ಮಾಲೆ ಹಾಕಿದ್ದರು. ನಮ್ಮ ಮನೆಯಲ್ಲಿ ಇದ್ದುದಕ್ಕಿಂತ ಹಳೆಯ ಫೋಟೊ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಅತ್ತೆ ಅದರ ಕೆಳಗೇ ಮಂಚ ಹಾಕಿಸಿಕೊಂಡಿದ್ದರು. ಚಹಾ ಬಂದಾಗ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಅದು ನಿಜವಾಗಿಯೂ ಸಕ್ಕರೆ ನೀರೇ. ಇಬ್ಬರೂ ಪೂರ್ತಿ ಕುಡಿದೆವು.

ನಾಲ್ಕರ ಸುಮಾರಿಗೆ ಎದ್ದೆ. ಬೈಕಿನ ಮೇಲೆ ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ ಎಂದು ನಾದಿನಿಯ ಗಂಡ ಎದ್ದ. ಬೇಡ, ಕುಳಿತು ಕುಳಿತು ಕಾಲು ಜೋಮು ಹಿಡಿದಿದೆ, ನಡೆದೇ ಹೋಗುತ್ತೇನೆ ಎಂದೆ. ಕಾಲಿಗೆ ನಮಸ್ಕಾರ ಮಾಡಿದಾಗ ಅತ್ತೆ, "ಮಿಸ್ತ್ರಿಗೆ ಜೋರ ಮಾಡ. ನೀ ಸುಮ್ಮ ಇದ್ರ ಮಳಿಗಾಲನ ಬರತೈತಿ" ಎಂದರು. ಮಾಡುತ್ತೇನೆ ಎಂದೆ.

ನನ್ನ ಗಾಡಿ ಇದ್ದದ್ದು ಮನೆಯಿಂದ ಎಡಕ್ಕೆ. ಬಸ್ ಸ್ಟ್ಯಾಂಡ್ ಬಲಕ್ಕೆ. ಬಲಕ್ಕೇ ನಡೆದೆ. ಅಗೆದ ಮಣ್ಣಿನ ಗುಡ್ಡೆ ದಾಟಿ, ಕಿರಾಣಿ ಅಂಗಡಿ ದಾಟಿ ಹಿಂದೆ ನೋಡಿದೆ. ಅತ್ತೆ ಕೋಲು ಊರಿ ಬಾಗಿಲಿಗೆ ಬಂದು ನಿಂತಿದ್ದರು. ಕೈ ಎತ್ತಿದೆ. ಅವರು ಊರಿದ ಕೋಲನ್ನೇ ಸ್ವಲ್ಪ ಎತ್ತಿದರು. ಒಳಗೆ ಹೋಗುತ್ತಾರೆ, ಆಮೇಲೆ ತಿರುಗಿ ಗಾಡಿಯ ಕಡೆ ಹೋಗೋಣ ಎಂದುಕೊಂಡೆ. ಹೋಗಲಿಲ್ಲ. ಇನ್ನಷ್ಟು ಮುಂದೆ ಹೋಗಿ ಮತ್ತೆ ನೋಡಿದೆ, ಅಲ್ಲಿಯೇ ಇದ್ದರು. ಬಿಸಿಲಿನಲ್ಲಿ ಕೋಲು ಊರಿ, ಚೌಕಟ್ಟಿಗೂ ಒರಗದೆ ನಿಂತಿದ್ದರು. ನಾನು ಬಸ್ ಸ್ಟ್ಯಾಂಡಿನ ಕಡೆಗೇ ನಡೆಯುತ್ತ ಹೋಗಬೇಕಾಯಿತು. ಈಗ ಅವರಿಗೆ ಅಷ್ಟು ಹೊತ್ತು ನಿಲ್ಲಲು ಬರುತ್ತಿತ್ತು.